ಸೌದೆ ಆರಿಸಿದ ಸಂತ

ಫೆಬ್ರವರಿ 10ಕ್ಕೆ ಮೆಡಿಟರೇನಿಯನ್ ಸಮುದ್ರದ ದ್ವೀಪ ಮಾಲ್ಟಾ ದೇಶಕ್ಕೆಲ್ಲ ರಜೆ. ಯೇಸುವಿನ ಸಂದೇಶ ಸಾರುತ್ತಾ ಊರೂರು ತಿರುಗಿದ ಸಂತ ಪೌಲರ ಹಡಗು ಒಡೆದ ಹಬ್ಬ. ಹಡಗು ಒಡೆದದ್ದಕ್ಕೂ ಹಬ್ಬವಾ ಅಂತ ನಾನೂ ತಂಗಿಯನ್ನು ಕೇಳಿದ್ದೆ. ಅವಳು ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಅವಳು ಹೊರಟಾಗ ಅಮ್ಮ ಕಾರ್ಕಳದ ಹತ್ತಿರದ ಅತ್ತೂರಿನ ಸಂತ ಲಾರೆನ್ಸರಿಗೆ ಮೇಣದ ಬತ್ತಿಯ ಹರಕೆ ಹೇಳಿದ್ದರು, ಈ ಜನವರಿ ಜಾತ್ರೆಯಲ್ಲಿ ಅದು ತೀರಿತು. ನಾನು ಹದಿನೈದು ದಿನಕ್ಕೆ ಮಾಲ್ಟಾಕ್ಕೆ ಹೊರಟಾಗ ಅಮ್ಮ ಹೇಳಿದ್ದು ಇಷ್ಟೇ: "ಕಳಿಸಿಕೊಟ್ಟ ಸಂತರಿಗೆ ಕೊಟ್ಟಾಯ್ತು. ಅಲ್ಲಿ ಬರಮಾಡಿಕೊಂಡ ಸಂತರಿಗೂ ಒಂದು ಕೈ ಮುಗಿದು ಬಾ."

ಮಾಲ್ಟಾದ ರಾಜಧಾನಿ ವಲೆಟ್ಟಾ ಬಂದರಿನ ಊರು. ಮೂರು ಕಡೆ ನೀರು, ಯಾವ ಬೀದಿಯ ತುದಿಗೆ ನೋಡಿದರೂ ಸಮುದ್ರದ ಒಂದು ತುಂಡು ಕಾಣುತ್ತದೆ. ಸಂತ ಪೌಲ ಬೀದಿ ಎಷ್ಟು ಇಕ್ಕಟ್ಟು ಅಂದರೆ ಅಲ್ಲಿರುವ ಪೌಲರ ಇಗರ್ಜಿಯ, ಅಂದರೆ ಚರ್ಚಿನ, ಎದುರಿಗೇ ನಿಂತರೂ ಅದರ ಮುಖ ಪೂರ್ತಿ ಕಾಣುವುದಿಲ್ಲ, ಕತ್ತು ಎತ್ತಿ ಎತ್ತಿ ನೋಡಬೇಕು. ಈ ಮುಖ 1885ರದ್ದು. ಇಗರ್ಜಿ ಅದಕ್ಕಿಂತ ಬಹಳ ಹಳೆಯದು, ಮೊದಲ ಅಡಿಪಾಯ ಬಿದ್ದದ್ದು 1570ರ ದಶಕದಲ್ಲಿ. ಹಡಗು ಒಡೆದದ್ದು ಇಲ್ಲಲ್ಲ ಬಿಡಿ. ಅದು ದ್ವೀಪದ ಉತ್ತರಕ್ಕೆ, ಈಗ ಸಂತ ಪೌಲರ ಕೊಲ್ಲಿ ಅನ್ನುವ ಕಡೆ ಅಂತ ಅಲ್ಲಿಯವರ ನಂಬಿಕೆ. ಆಗ ವಲೆಟ್ಟಾ ಅನ್ನುವ ಊರೇ ಇರಲಿಲ್ಲ.

ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಚಿನ್ನದ ಬಣ್ಣ, ಕೆಂಪು ರೇಷ್ಮೆ ಬಟ್ಟೆ. ಸಂತರ ಬಲಗೈ ಮಣಿಕಟ್ಟಿನ ಎಲುಬು ಅಂತ ಪೂಜಿಸುವ ಅವಶೇಷ ಇಲ್ಲಿದೆ. ರೋಮಿನಲ್ಲಿ ಅವರ ತಲೆ ಕಡಿದದ್ದು ಇದರ ಮೇಲೆಯೇ ಅಂತ ನಂಬುವ ಕಲ್ಲಿನ ಕಂಬದ ತುಂಡೂ ಇದೆ. ಸಂತರ ಮರದ ಪ್ರತಿಮೆ ಕೆತ್ತಿದ್ದು ಮೆಲ್ಕಿಯೊರೆ ಕಾಫಾ, 1659ರ ಹೊತ್ತಿಗೆ. ಆಮೇಲೆ ಇಗರ್ಜಿಯ ಕಟ್ಟಡವನ್ನು ತಿದ್ದಿ ಕಟ್ಟಿದ್ದು ಅವನ ತಮ್ಮ ಲೊರೆಂಜೊ ಗಾಫಾ. ಒಂದೇ ಮನೆಯ ಅಣ್ಣ ತಮ್ಮ, ಅಡ್ಡಹೆಸರಿನ ಅಕ್ಷರ ಮಾತ್ರ ಬೇರೆ. ಅದ್ಯಾಕೆ ಹಾಗೆ ಅಂತ ತಂಗಿಯನ್ನು ಕೇಳಿದೆ, "ಪೂಜೆ ಶುರುವಾಯ್ತು, ಸುಮ್ನಿರಕ್ಕ" ಅಂದಳು.

ಪೂಜೆ ಮಾಲ್ಟೀಸ್ ಭಾಷೆಯಲ್ಲಿ. ಅರಬ್ಬಿಯಿಂದ ಬಂದ ಭಾಷೆ, ಹಾಗಾಗಿ ಇಲ್ಲಿನ ಕ್ರೈಸ್ತರು ದೇವರನ್ನು "ಅಲ್ಲಾ" ಅಂತಲೇ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ನಾನು ತಲೆಯೆತ್ತಿ ನೋಡಿದೆ. ಆಮೇಲೆ ಹಿತವಾಯ್ತು. ನಮ್ಮ ಊರಲ್ಲಿ ಹೆಸರಿಗಾಗಿಯೇ ಎಷ್ಟು ಜಗಳ, ಅಲ್ವಾ?

ಅರ್ಥವಾಗದಿದ್ದರೂ ಕಥೆ ಗೊತ್ತಿತ್ತು. ಹಿಂದಿನ ರಾತ್ರಿಯೇ ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪದ ಕೊನೆಯ ಎರಡು ಅಧ್ಯಾಯ ಓದಿಕೊಂಡಿದ್ದೆ. ಕೈದಿಯಾಗಿ ರೋಮಿಗೆ ಹೊರಟ ಪೌಲ, ಹಡಗಿನಲ್ಲಿ 276 ಜನ, ಹದಿನಾಲ್ಕು ರಾತ್ರಿ ಬಿರುಗಾಳಿ. ಹಡಗು ಹಗುರವಾಗಲಿ ಅಂತ ಗೋಧಿಯನ್ನೆಲ್ಲ ಸಮುದ್ರಕ್ಕೆ ಸುರಿದರು. ಕೊನೆಗೆ ಈಜಿ, ಹಲಗೆ ಹಿಡಿದು, ಒಬ್ಬರೂ ಸಾಯದೆ ದಡ ಮುಟ್ಟಿದರು. ಮಳೆ, ಚಳಿ. ದ್ವೀಪದ ಜನ ಓಡಿ ಬಂದು ಬೆಂಕಿ ಹಾಕಿದರು. ಇವರು ಯಾರು, ಯಾವ ದೇವರವರು, ಕೈದಿಗಳಾ ಅಂತ ವಿಚಾರಿಸಿದ್ದು ಬರೆದಿಲ್ಲ. ಪೌಲ ಆ ಬೆಂಕಿಯ ಮುಂದೆ ಸುಮ್ನೆ ಕೂರಲಿಲ್ಲ, ಸೌದೆ ಆರಿಸಲು ಹೋದ. ಆ ಹೊರೆಯಿಂದಲೇ ಹಾವು ಬಂದು ಕೈಗೆ ಸುತ್ತಿಕೊಂಡಿತು. ಸಮುದ್ರ ಬಿಟ್ಟರೂ ದೈವ ಬಿಡಲಿಲ್ಲ, ಇವ ಕೊಲೆಗಾರನೇ ಇರಬೇಕು ಅಂದರು ಜನ. ಏನೂ ಆಗದಿದ್ದಾಗ, ಅಲ್ಲಲ್ಲ, ಇವನೇ ದೇವರು ಅಂದರು! ನಮ್ಮ ಕಡೆಯಾಗಿದ್ದರೆ ಆ ಹಾವಿಗೂ ಒಂದು ಕಲ್ಲು ನೆಟ್ಟು ತನು ಎರೆಯುತ್ತಿದ್ದರೇನೋ.

ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ನನ್ನ ಗಮನವೆಲ್ಲ ಹಾವಿನ ಮೇಲೇ ಇತ್ತು, ಸೌದೆಯನ್ನು ಅವತ್ತಿನವರೆಗೆ ನೋಡಿರಲೇ ಇಲ್ಲ. ಅಮ್ಮ ಹೇಳಿದ್ದು ತಿರುಗುಮುರುಗಾಯ್ತಲ್ಲ ಅನಿಸಿತು. ಇಲ್ಲಿ ಬರಮಾಡಿಕೊಂಡವರು ಸಂತರಲ್ಲ. ಸಂತರೇ ಒದ್ದೆ ಬಟ್ಟೆಯಲ್ಲಿ ಬಂದವರು.

ತಂಗಿಯೂ ಹಾಗೇ ಬಂದವಳು. ಕೆಲಸ ಕೊಡಿಸಿದವರು ರೂಮು ರೆಡಿ ಇದೆ ಅಂದಿದ್ದರು, ರಾತ್ರಿ ಹತ್ತಕ್ಕೆ ಹೋದರೆ ಬೀಗ, ಫೋನ್ ಎತ್ತುವವರಿಲ್ಲ. ಜೋರು ಮಳೆ. ಮೆಟ್ಟಿಲ ಮೇಲೆ ಸೂಟ್‌ಕೇಸ್ ಇಟ್ಟು ಅಳುತ್ತಾ ಕೂತವಳನ್ನು ಪಕ್ಕದ ಮನೆಯ ಅಜ್ಜಿ ಒಳಗೆ ಕರೆದು, ಬಿಸಿ ಸೂಪು ಕೊಟ್ಟು, ತನ್ನದೇ ಸ್ವೆಟರ್ ಹಾಕಿಸಿ, ನಾಲ್ಕು ದಿನ ಇರಿಸಿಕೊಂಡರು. ಇದನ್ನು ಅವಳು ನಮಗೆ ಹೇಳಿದ್ದು ಒಂದು ವರ್ಷ ಕಳೆದ ಮೇಲೆ. ಅಮ್ಮನಿಗೆ ಈಗಲೂ ಅರ್ಧವೇ ಗೊತ್ತು. ಅಜ್ಜಿಗೆ ಮಾಲ್ಟೀಸಿನಲ್ಲಿ "ನನ್ನಾ" ಅನ್ನುತ್ತಾರೆ. ಫೋನಿನಲ್ಲಿ ಇವಳು ನನ್ನಾ ನನ್ನಾ ಅನ್ನುವಾಗ ಯಾರದ್ದು, ಏನು ನಿನ್ನದು ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು.

ಪ್ರತಿಮೆ ಹೊರಗೆ ಬಂದಾಗ ಬ್ಯಾಂಡು, ಪಟಾಕಿ, ಗಂಟೆ. ಗಂಡಸರು ಹೆಗಲು ಕೊಟ್ಟು, ಒಂದೊಂದೇ ಹೆಜ್ಜೆ ಇಡುತ್ತಾ ಆ ಇಕ್ಕಟ್ಟು ಬೀದಿಯಲ್ಲಿ ಹೊರಟರು. ಮೇಲೆ ಬಣ್ಣದ ಮರದ ಬಾಲ್ಕನಿಗಳಿಂದ ಚೂರು ಕಾಗದ ಸುರಿಯಿತು ನೋಡಿ, ಮೈಮೇಲೆ, ಬಾಯೊಳಗೆ, ಎಲ್ಲ ಕಾಗದ. ಸಂತರ ಕೈ ಮೇಲಕ್ಕೆ ಎತ್ತಿತ್ತು. ನಾನು ಕೈ ಮುಗಿದೆ, ಆದರೆ ಕಣ್ಣು ಹೋಗಿದ್ದು ಆ ಮಣಿಕಟ್ಟಿಗೆ. ಅಮ್ಮನ ಹೆಸರು, ತಂಗಿಯ ಹೆಸರು ಹೇಳಿದೆ. ಅಜ್ಜಿಯ ಹೆಸರೂ ಹೇಳಿದೆ.

ವಾಪಸು ಬಂದಾಗ ಅಜ್ಜಿಯ ಬೀದಿಯಲ್ಲೂ ಕಾಗದ, ಮಳೆಗೆ ನೆನೆದು ಕಲ್ಲಿಗೆ ಅಂಟಿತ್ತು. ಅವರಿಗೆ ಮಂಡಿ ನೋವು, ಬಾಗಲಾಗುವುದಿಲ್ಲ. ಮನೆಯೊಳಗೆ ನನಗೆ ಕುರ್ಚಿ ಹಾಕಿ, ರಿಕೊಟ್ಟಾ ಚೀಸ್ ತುಂಬಿದ, ಪಸ್ತಿತ್ಸಿ ಅನ್ನುವ ಬಿಸಿ ತಿಂಡಿ ಕೈಗಿಟ್ಟರು. ತಂಗಿ ಕೂರಲಿಲ್ಲ. ಬಾಗಿಲ ಹಿಂದಿನ ಪೊರಕೆ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ತಗೊಂಡು ಹೊಸ್ತಿಲ ಹೊರಗೆ ಗುಡಿಸಲು ಹೋದಳು.