1983ರ ಜನವರಿ ಚುನಾವಣೆಗಳ ಭೂಪಟ: ಕೆಲಸ ಇಲ್ಲಿಯವರೆಗೆ

ಫೆಬ್ರವರಿ

1983ರ ಜನವರಿ 5ರಂದು ಕರ್ನಾಟಕ ಮತ್ತು ಆಂಧ್ರಪ್ರದೇಶಗಳೆರಡರಲ್ಲೂ ವಿಧಾನಸಭೆಗೆ ಮತದಾನ ನಡೆಯಿತು. ವಾರ ಕಳೆಯುವುದರೊಳಗೆ ಎರಡೂ ರಾಜ್ಯಗಳಲ್ಲಿ ಮೊತ್ತಮೊದಲ ಕಾಂಗ್ರೆಸ್ಸೇತರ ಸರ್ಕಾರಗಳು ಬಂದವು. ಜನವರಿ 9ರಂದು ಹೈದರಾಬಾದಿನಲ್ಲಿ ಎನ್.ಟಿ. ರಾಮರಾವ್ ಅವರೂ, ಮರುದಿನ ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರೂ ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಆ ಎರಡು ಫಲಿತಾಂಶಗಳನ್ನು ಕ್ಷೇತ್ರವಾರು ಭೂಪಟದ ಮೇಲೆ ಕೂರಿಸಿ, ಅದರ ಕೆಳಗೆ 1983ರಿಂದ 1996ರವರೆಗಿನ ಘಟನೆಗಳ ಕಾಲರೇಖೆಯೊಂದನ್ನು ಜೋಡಿಸುವುದು ನಾನು ಬಿಡುವಿನ ವೇಳೆಯಲ್ಲಿ ಹಮ್ಮಿಕೊಂಡಿರುವ ಕೆಲಸ. ರಾಜ್ಯವೊಂದರ ಗೆಲುವು ದೆಹಲಿಯ ರಾಜಕಾರಣವನ್ನು ಯಾವ ದಾರಿಯಲ್ಲಿ ಹೋಗಿ ಮುಟ್ಟುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕೆಂಬುದು ಇದರ ಉದ್ದೇಶ.

ಈ ಚುನಾವಣೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದ ತುಂಬ ಕಾಂಗ್ರೆಸ್ ನೆಲಕಚ್ಚಿದಾಗ ಅದನ್ನು ಉಳಿಸಿದ್ದು ದಕ್ಷಿಣ. ದೇಶದಾದ್ಯಂತ ಅದಕ್ಕೆ ಸಿಕ್ಕಿದ 154 ಲೋಕಸಭಾ ಸ್ಥಾನಗಳಲ್ಲಿ ಆಂಧ್ರದ 42ರ ಪೈಕಿ 41, ಕರ್ನಾಟಕದ 28ರ ಪೈಕಿ 26 ಸೇರಿದ್ದವು. ಇಂದಿರಾ ಗಾಂಧಿಯವರು 1978ರಲ್ಲಿ ಸಂಸತ್ತಿಗೆ ಮರಳಿದ್ದು ಚಿಕ್ಕಮಗಳೂರಿನಿಂದ. 1980ರಲ್ಲಿ ರಾಯಬರೇಲಿ ಮತ್ತು ಮೇದಕ್ ಎರಡರಲ್ಲೂ ಗೆದ್ದು ಉಳಿಸಿಕೊಂಡದ್ದು ಆಂಧ್ರದ ಮೇದಕ್ ಕ್ಷೇತ್ರವನ್ನು. ಅಂದರೆ 1983ರಲ್ಲಿ ಕಾಂಗ್ರೆಸ್ ಕಳೆದುಕೊಂಡದ್ದು ಪ್ರಧಾನಿಯವರು ಸ್ವತಃ ಪ್ರತಿನಿಧಿಸುತ್ತಿದ್ದ ರಾಜ್ಯ ಮತ್ತು ಕಷ್ಟಕಾಲದಲ್ಲಿ ಅವರಿಗೆ ಆಶ್ರಯ ಕೊಟ್ಟಿದ್ದ ರಾಜ್ಯ. ಈ ಹಿನ್ನೆಲೆಯಿಲ್ಲದೆ ಭೂಪಟದ ಬಣ್ಣಗಳು ಅರ್ಥವಾಗುವುದಿಲ್ಲವಾದ್ದರಿಂದ 1977 ಮತ್ತು 1980ರ ಲೋಕಸಭಾ ಫಲಿತಾಂಶಗಳ ಎರಡು ಸಣ್ಣ ಪಟಗಳನ್ನು ಮೊದಲ ಪುಟದಲ್ಲಿಯೇ ಇಡಲು ನಿರ್ಧರಿಸಿದ್ದೇನೆ.

ಮಾರ್ಚ್

ಕ್ಷೇತ್ರಗಳ ಗಡಿ ಎಳೆಯುವುದರಲ್ಲಿಯೇ ಈ ತಿಂಗಳ ಹೆಚ್ಚಿನ ಸಮಯ ಹೋಯಿತು. ಈಗಿನ ಗಡಿಗಳು 2008ರಿಂದ ಜಾರಿಗೆ ಬಂದವು. 1983ಕ್ಕೆ ಬೇಕಾದದ್ದು 1976ರ ಕ್ಷೇತ್ರ ಮರುವಿಂಗಡಣೆ ಆದೇಶದ ಗಡಿಗಳು. ಆ ಆದೇಶದಲ್ಲಿ ನಕ್ಷೆಗಿಂತ ವಿವರಣೆಯೇ ಮುಖ್ಯ: ಯಾವ ತಾಲ್ಲೂಕು, ಆ ತಾಲ್ಲೂಕಿನ ಯಾವ ಯಾವ ಕಂದಾಯ ವೃತ್ತಗಳು ಎಂದು ಪಟ್ಟಿ ಮಾಡಿರುತ್ತಾರೆ. ಹಾಗಾಗಿ ಹೋಬಳಿಗಳ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ಭೂಪಟ ತಂತ್ರಾಂಶದಲ್ಲಿ ತೆರೆದಿಟ್ಟುಕೊಂಡು ಒಂದೊಂದನ್ನೇ ಕ್ಷೇತ್ರಕ್ಕೆ ಸೇರಿಸುತ್ತಾ ಹೋಗಬೇಕು. ಹಳೇ ಮೈಸೂರು ಭಾಗ ಬೇಗ ಮುಗಿಯಿತು. ಜಿಲ್ಲೆಗಳ ವಿಷಯದಲ್ಲಿಯೂ ಎಚ್ಚರ ಬೇಕು: ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದೇ 1986ರಲ್ಲಿ, ದಾವಣಗೆರೆ, ಗದಗ, ಹಾವೇರಿ, ಉಡುಪಿ ಮುಂತಾದವು 1997ರಲ್ಲಿ. 1983ರ ಪಟದಲ್ಲಿ ಇರಬೇಕಾದದ್ದು 19 ಜಿಲ್ಲೆಗಳು ಮಾತ್ರ.

ಒಂದು ಅನುಕೂಲವೂ ಇದೆ. 1978ರಿಂದ 2004ರವರೆಗಿನ ಎಲ್ಲ ವಿಧಾನಸಭಾ ಚುನಾವಣೆಗಳು ಇದೇ ಗಡಿಗಳ ಮೇಲೆ ನಡೆದವಾದ್ದರಿಂದ ಒಮ್ಮೆ ಎಳೆದ ಪಟ ಎಲ್ಲಕ್ಕೂ ಸಲ್ಲುತ್ತದೆ. 1978, 1983 ಮತ್ತು 1985ನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ನ್ಯಾಯವಾದ ಹೋಲಿಕೆಯೇ ಆಗುತ್ತದೆ.

ಏಪ್ರಿಲ್

ಚುನಾವಣಾ ಆಯೋಗದ ವರದಿಗಳ ಪಿಡಿಎಫ್‌ನಿಂದ ಕರ್ನಾಟಕದ 224 ಕ್ಷೇತ್ರಗಳ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿ, ಪಕ್ಷವಾರು ಮೊತ್ತವನ್ನು ವರದಿಯ ಕೋಷ್ಟಕದೊಂದಿಗೆ ತಾಳೆ ನೋಡಿಯಾಯಿತು. ಜನತಾ ಪಕ್ಷ 95, ಕಾಂಗ್ರೆಸ್ 82, ಭಾರತೀಯ ಜನತಾ ಪಕ್ಷ 18, ಪಕ್ಷೇತರರು 22, ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ 3, ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಅಣ್ಣಾ ಡಿಎಂಕೆಗೆ 1. ಬಹುಮತಕ್ಕೆ ಬೇಕಾದದ್ದು 113. ಜನತಾ ಪಕ್ಷದ 95ಕ್ಕೆ ಬಿಜೆಪಿಯ 18 ಕೂಡಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಬಿಜೆಪಿ ಮತ್ತು ಎಡಪಕ್ಷಗಳೆರಡೂ ಹೊರಗಿನಿಂದ ಒಂದೇ ಸರ್ಕಾರವನ್ನು ಬೆಂಬಲಿಸಿದ ವ್ಯವಸ್ಥೆಯನ್ನು ದೇಶ 1989ರಲ್ಲಿ ವಿ.ಪಿ. ಸಿಂಗ್ ಅವರ ಕಾಲದಲ್ಲಿ ದೆಹಲಿಯಲ್ಲಿ ಕಂಡಿತು. ಬೆಂಗಳೂರು ಅದನ್ನು ಆರು ವರ್ಷ ಮೊದಲೇ ಕಂಡಿತ್ತು.

ಮತಪ್ರಮಾಣದ ಕಾಲಂ ಕೂಡಿಸಿದಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ರಾಜ್ಯದಲ್ಲಿ ಕಾಂಗ್ರೆಸ್‌ಗೆ ಬಿದ್ದ ಮತ ಶೇಕಡಾ 40ರಷ್ಟು, ಜನತಾ ಪಕ್ಷಕ್ಕೆ ಬಿದ್ದದ್ದು ಶೇಕಡಾ 33ರಷ್ಟು. ಕಡಿಮೆ ಕ್ಷೇತ್ರಗಳಲ್ಲಿ ಸ್ಪರ್ಧಿಸಿದ ಜನತಾ ಪಕ್ಷಕ್ಕೆ ಮತಗಳು ಗೆಲ್ಲುವ ಕಡೆ ಒತ್ತಾಗಿ ಬಿದ್ದವು. 1978ರಲ್ಲಿ 149 ಸ್ಥಾನ ಗಳಿಸಿದ್ದ ಕಾಂಗ್ರೆಸ್ ನಾಲ್ಕೈದು ವರ್ಷಗಳಲ್ಲಿ ಕಳೆದುಕೊಂಡದ್ದು ಶೇಕಡಾ ನಾಲ್ಕರ ಆಸುಪಾಸು ಮತವನ್ನು, ಆದರೆ 67 ಸ್ಥಾನಗಳನ್ನು. ‘ಅಲೆ’ ಎಂದು ಸುಲಭವಾಗಿ ಕರೆದುಬಿಡುವ ಅಭ್ಯಾಸ ನಮ್ಮಲ್ಲಿದೆ. ಈ ಅಂಕಿಗಳನ್ನು ನೋಡಿದ ಮೇಲೆ ಕರ್ನಾಟಕದ 1983ಕ್ಕೆ ಆ ಮಾತನ್ನು ಬಳಸಲು ನನಗೆ ಮನಸ್ಸಾಗುತ್ತಿಲ್ಲ. ಆಂಧ್ರಕ್ಕೆ ಅದು ಸಲ್ಲುತ್ತದೆ. 1982ರ ಮಾರ್ಚ್ 29ರಂದು ಸ್ಥಾಪನೆಯಾದ ತೆಲುಗುದೇಶಂ ಹತ್ತು ತಿಂಗಳು ತುಂಬುವ ಮೊದಲೇ 294 ಸ್ಥಾನಗಳ ಸದನದಲ್ಲಿ 200ಕ್ಕೂ ಹೆಚ್ಚು ಗೆದ್ದು, ಕಾಂಗ್ರೆಸ್ಸನ್ನು 60ಕ್ಕೆ ಇಳಿಸಿತು. ಐದೇ ವರ್ಷಗಳ ಅವಧಿಯಲ್ಲಿ ಚೆನ್ನಾ ರೆಡ್ಡಿ, ಅಂಜಯ್ಯ, ಭವನಂ ವೆಂಕಟರಾಮ ರೆಡ್ಡಿ, ವಿಜಯಭಾಸ್ಕರ ರೆಡ್ಡಿ ಎಂದು ನಾಲ್ವರು ಮುಖ್ಯಮಂತ್ರಿಗಳನ್ನು ದೆಹಲಿ ಬದಲಾಯಿಸಿದ್ದರ ಮೇಲಿನ ಸಿಟ್ಟನ್ನು ರಾಮರಾಯರು ತೆಲುಗರ ಆತ್ಮಗೌರವದ ಪ್ರಶ್ನೆಯಾಗಿ ಹಳ್ಳಿಹಳ್ಳಿಗೆ ಒಯ್ದರು.

ನಮ್ಮಲ್ಲಿ ಸೋಲಿನ ಕಾರಣಗಳು ನೆಲದಿಂದಲೇ ಹುಟ್ಟಿದ್ದವು. 1980ರ ಜುಲೈನ ನರಗುಂದ-ನವಲಗುಂದ ಗೋಲಿಬಾರು ಮತ್ತು ಅದರ ನಂತರದ ರೈತ ಚಳವಳಿ, 1982ರ ಗೋಕಾಕ್ ಚಳವಳಿ, ದಲಿತ ಸಂಘಟನೆಗಳ ಹೋರಾಟ, ದೇವರಾಜ ಅರಸು ಅವರು ಕಟ್ಟಿ ಅವರ ನಿಧನಾನಂತರ ಬಂಗಾರಪ್ಪನವರೊಂದಿಗೆ ಜನತಾ ಪಕ್ಷದ ಕಡೆ ಬಂದ ಕ್ರಾಂತಿರಂಗ, ಇವೆಲ್ಲ ಒಂದೇ ಚುನಾವಣೆಯಲ್ಲಿ ಬಂದು ಕೂಡಿದವು. ಮುಖ್ಯಮಂತ್ರಿ ಗುಂಡೂರಾಯರು ಸೋಮವಾರಪೇಟೆಯಲ್ಲಿ ತಾವೇ ಸೋತರು. ಗೆದ್ದವರ ಪಟ್ಟಿಯನ್ನು ಓದುತ್ತಾ ಹೋದರೆ ಮುಂದಿನ ನಾಲ್ಕು ದಶಕಗಳ ರಾಜಕಾರಣವೇ ಅಲ್ಲಿ ಕುಳಿತಿರುವಂತೆ ಕಾಣುತ್ತದೆ: ಶಿಕಾರಿಪುರದಿಂದ ಮೊದಲ ಬಾರಿಗೆ ಯಡಿಯೂರಪ್ಪ, ಚಾಮುಂಡೇಶ್ವರಿಯಿಂದ ಮೊದಲ ಬಾರಿಗೆ ಸಿದ್ದರಾಮಯ್ಯ. ಹೊಳೆನರಸೀಪುರದ ದೇವೇಗೌಡರು ಹೆಗಡೆಯವರ ಸಂಪುಟದಲ್ಲಿ ಮಂತ್ರಿಯಾದರು. ಹೆಗಡೆಯವರು ಮಾತ್ರ ಆಗ ಶಾಸಕರೇ ಆಗಿರಲಿಲ್ಲ. ಬಂಗಾರಪ್ಪ, ಬೊಮ್ಮಾಯಿ, ದೇವೇಗೌಡರ ನಡುವಿನ ಪೈಪೋಟಿಯಲ್ಲಿ ಎಲ್ಲರೂ ಒಪ್ಪಬಹುದಾದವರಾಗಿ ಆಯ್ಕೆಯಾಗಿ, ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಈ ಉಪಚುನಾವಣೆಯನ್ನು ಪಟದಲ್ಲಿ ಬೇರೆ ಗುರುತಿನಿಂದ ತೋರಿಸಿದ್ದೇನೆ.

ಮೇ

ಈ ತಿಂಗಳ ಕೆಲಸವೇ ನನಗೆ ಹೆಚ್ಚು ಮುಖ್ಯವೆನಿಸಿದೆ. 1983ರ ಪಟದ ಪಕ್ಕದಲ್ಲಿ 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯನ್ನೂ 1985ರ ಮಾರ್ಚಿನ ವಿಧಾನಸಭಾ ಚುನಾವಣೆಯನ್ನೂ ಇಟ್ಟೆ. ಇಂದಿರಾ ಗಾಂಧಿಯವರ ಹತ್ಯೆಯ ನಂತರ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ, ನಾಲ್ಕು ಮಾತ್ರ ಜನತಾ ಪಕ್ಷಕ್ಕೆ. ಜನರ ವಿಶ್ವಾಸ ಕಳೆದುಕೊಂಡೆವೆಂದು ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. ಮೂರು ತಿಂಗಳೂ ಆಗಿರಲಿಲ್ಲ, ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟು ಕಾಂಗ್ರೆಸ್ಸನ್ನು 65ಕ್ಕೆ ನಿಲ್ಲಿಸಿದರು. ದೆಹಲಿಗೆ ಒಬ್ಬರನ್ನು, ವಿಧಾನಸೌಧಕ್ಕೆ ಇನ್ನೊಬ್ಬರನ್ನು ಎಂದು ತೂಗಿ ನೋಡಿ ಮತ ಹಾಕುವ ಈ ಬಗೆ ಭಾರತದ ಚುನಾವಣೆಗಳ ಬಗ್ಗೆ ಬರೆಯುವವರೆಲ್ಲ ಇಂದಿಗೂ ಕೊಡುವ ಉದಾಹರಣೆಯಾಗಿ ಉಳಿದಿದೆ. 1983ರ ಗೆಲುವು ರಾಷ್ಟ್ರಕ್ಕೆ ಕೊಟ್ಟ ಮೊದಲ ಕೊಡುಗೆ ಇದೇ ಎಂಬುದು ನನ್ನ ಅಭಿಪ್ರಾಯ: ರಾಜ್ಯದ ಚುನಾವಣೆಗೆ ರಾಜ್ಯದ್ದೇ ಆದ ಅಸ್ತಿತ್ವ ಬಂದಿತು.

ಆಂಧ್ರದ ಪಟ ಇದಕ್ಕೆ ಪೂರ್ತಿ ಭಿನ್ನ. ಅಲ್ಲಿ 1984ರ ಲೋಕಸಭೆಯಲ್ಲೂ 42ರಲ್ಲಿ 30 ತೆಲುಗುದೇಶಂ ಪಾಲಾದವು. ದೇಶವೆಲ್ಲ ಕಾಂಗ್ರೆಸ್ಸಿಗೆ 404 ಸ್ಥಾನ ಕೊಟ್ಟಾಗ ಒಂದೇ ರಾಜ್ಯದ ಪಕ್ಷವೊಂದು ಲೋಕಸಭೆಯ ಎರಡನೆಯ ದೊಡ್ಡ ಪಕ್ಷವಾಗಿ ಕುಳಿತಿತು. ಈ ವ್ಯತ್ಯಾಸಕ್ಕೆ 1984ರ ಆಗಸ್ಟ್ 16ನ್ನು ನೋಡಬೇಕು. ಅಂದು ರಾಜ್ಯಪಾಲ ರಾಮಲಾಲ್ ಅವರು ರಾಮರಾಯರ ಸರ್ಕಾರವನ್ನು ವಜಾ ಮಾಡಿ ನಾದೆಂಡ್ಲ ಭಾಸ್ಕರ ರಾವ್ ಅವರನ್ನು ಮುಖ್ಯಮಂತ್ರಿಯಾಗಿಸಿದರು. ರಾಮರಾಯರು ತಮ್ಮ ಶಾಸಕರನ್ನು ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮುಂದೆ ನಿಲ್ಲಿಸಿದರು; ಆಮೇಲೆ ಆ ಶಾಸಕರಿಗೆ ಆಶ್ರಯ ಸಿಕ್ಕಿದ್ದು ಹೆಗಡೆಯವರ ಕರ್ನಾಟಕದಲ್ಲಿ. ಒಂದು ತಿಂಗಳಲ್ಲಿ, ಸೆಪ್ಟೆಂಬರ್ 16ರಂದು, ರಾಮರಾಯರು ಮರಳಿ ಅಧಿಕಾರಕ್ಕೆ ಬಂದರು. ಒಂದೇ ದಿನ ಮತ ಹಾಕಿದ ಎರಡು ರಾಜ್ಯಗಳು ಒಂದರ ಬೆನ್ನಿಗೆ ಇನ್ನೊಂದು ನಿಂತ ಆ ತಿಂಗಳನ್ನು ಕಾಲರೇಖೆಯಲ್ಲಿ ದಿನವಾರು ಬಿಡಿಸಿ ಬರೆದಿದ್ದೇನೆ. ಶಾಸಕರನ್ನು ನೆರೆರಾಜ್ಯಕ್ಕೆ ಕರೆದೊಯ್ದು ಕಾಯುವ ಪರಿಪಾಠ ಮುಂದೆ ಯಾವ ರೂಪ ತಾಳಿತೆಂಬುದು ಎಲ್ಲರಿಗೂ ತಿಳಿದಿದೆ. ಆ ಸಲ ಅದು ಚುನಾಯಿತ ಸರ್ಕಾರವೊಂದನ್ನು ಉಳಿಸಲು ನಡೆದಿತ್ತು.

ಜೂನ್

ಕಾಲರೇಖೆಯನ್ನು ಯಾವ ಎಳೆಯ ಮೇಲೆ ಕಟ್ಟಬೇಕೆಂಬುದು ಇಷ್ಟು ದಿನ ತೀರ್ಮಾನವಾಗಿರಲಿಲ್ಲ, ಈಗ ಆಗಿದೆ. ಸಾಮಾನ್ಯವಾಗಿ 1983ರಿಂದ ಹೊರಟು ವಿರೋಧ ಪಕ್ಷಗಳ ಸಮಾವೇಶಗಳ ಮೂಲಕ ಹೋಗುತ್ತಾರೆ: ಆ ವರ್ಷದ ಮೇ 28ರಂದು ವಿಜಯವಾಡ, ಆಮೇಲೆ ದೆಹಲಿ, ಶ್ರೀನಗರ, 1984ರ ಜನವರಿಯಲ್ಲಿ ಕಲ್ಕತ್ತಾ, 1988ರಲ್ಲಿ ರಾಮರಾಯರ ಅಧ್ಯಕ್ಷತೆಯ ರಾಷ್ಟ್ರೀಯ ರಂಗ, 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರ. ಇದು ಸುಳ್ಳಲ್ಲ. ಆದರೆ ಸ್ಥಾನಗಳನ್ನು ಪಕ್ಕದಲ್ಲಿಟ್ಟರೆ ಈ ಸರಳರೇಖೆ ತುಂಡಾಗುತ್ತದೆ. 1989ರಲ್ಲಿ ಕರ್ನಾಟಕದ 28ರಲ್ಲಿ 27 ಮತ್ತು ಆಂಧ್ರದ 42ರಲ್ಲಿ 39 ಕಾಂಗ್ರೆಸ್ಸಿಗೇ ಹೋದವು. ತೆಲುಗುದೇಶಂಗೆ ಉಳಿದದ್ದು ಎರಡು. ರಂಗವನ್ನು ಕಟ್ಟಿದ ರಾಜ್ಯಗಳು ಕೈಬಿಟ್ಟ ವರ್ಷವೇ ರಂಗ ದೆಹಲಿಯಲ್ಲಿ ಅಧಿಕಾರಕ್ಕೆ ಬಂದಿತು. ಆದ್ದರಿಂದ 1983ರ ಪರಿಣಾಮವನ್ನು ಲೋಕಸಭೆಯ ಸ್ಥಾನಗಳಲ್ಲಿ ಹುಡುಕಿದರೆ ಸಿಗುವುದು ಸ್ವಲ್ಪವೇ. ಅದು ಉಳಿದದ್ದು ಸಂವಿಧಾನದ ನಡಾವಳಿಯಲ್ಲಿ, ಕಾಯಿದೆಗಳಲ್ಲಿ, ತೀರ್ಪುಗಳಲ್ಲಿ. ಕಾಲರೇಖೆ ಆ ಎಳೆಯನ್ನೇ ಹಿಡಿಯಲಿದೆ.

ಅದರ ಮೊದಲ ಗಂಟು ಬೆಂಗಳೂರಿನಲ್ಲಿದೆ. 1983ರ ಮಾರ್ಚ್ 20ರಂದು ಹೆಗಡೆಯವರು ಕರೆದ ಸಭೆಗೆ ಆಂಧ್ರದ ರಾಮರಾಯರು, ತಮಿಳುನಾಡಿನ ಎಂ.ಜಿ. ರಾಮಚಂದ್ರನ್, ಪಾಂಡಿಚೇರಿಯ ಮುಖ್ಯಮಂತ್ರಿ ಬಂದು, ತೆರಿಗೆಯ ಪಾಲಿನಿಂದ ಹಿಡಿದು ಯೋಜನಾ ನೆರವಿನವರೆಗೆ ಕೇಂದ್ರ-ರಾಜ್ಯ ಸಂಬಂಧಗಳನ್ನು ಮತ್ತೆ ನೋಡಬೇಕೆಂದು ಒತ್ತಾಯಿಸಿದರು. ನಾಲ್ಕು ದಿನಗಳ ನಂತರ, ಮಾರ್ಚ್ 24ರಂದು, ಪ್ರಧಾನಿಯವರು ಇದೇ ವಿಷಯದ ಪರಿಶೀಲನೆಗೆ ನ್ಯಾಯಮೂರ್ತಿ ಆರ್.ಎಸ್. ಸರ್ಕಾರಿಯಾ ಅವರ ಆಯೋಗವನ್ನು ಸಂಸತ್ತಿನಲ್ಲಿ ಪ್ರಕಟಿಸಿದರು. ಪಂಜಾಬಿನಲ್ಲಿ ಅಕಾಲಿದಳದ ಚಳವಳಿಯ ಒತ್ತಡವೂ ಅಷ್ಟೇ ತೀವ್ರವಾಗಿತ್ತಾದ್ದರಿಂದ ಇದರ ಪೂರ್ತಿ ಶ್ರೇಯಸ್ಸನ್ನು ದಕ್ಷಿಣಕ್ಕೆ ಕೊಡುವುದು ಸರಿಯಲ್ಲ. ಆದರೂ ದಿನಾಂಕಗಳ ಸಾಮೀಪ್ಯವನ್ನು ಮರೆಮಾಚುವಂತೆಯೂ ಇಲ್ಲ.

ಸರ್ಕಾರವೊಂದಕ್ಕೆ ಬಹುಮತವಿದೆಯೇ ಎಂಬುದನ್ನು ರಾಜಭವನದಲ್ಲಲ್ಲ, ಸದನದಲ್ಲೇ ಪರೀಕ್ಷಿಸಬೇಕೆಂದು ಆಯೋಗ ಹೇಳಿತು. ಹೈದರಾಬಾದಿನ 1984ರ ಅನುಭವ ಆಗ ಇನ್ನೂ ಹಸಿಯಾಗಿತ್ತು. ಆ ಮಾತು ಕೇಳದೆ 1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ಸಾಬೀತುಪಡಿಸುವ ಅವಕಾಶವನ್ನೇ ಕೊಡದೆ, ವಜಾ ಮಾಡಲಾಯಿತು. ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸರ್ಕಾರಿಯಾ ವರದಿಯನ್ನೂ ಆಧಾರವಾಗಿ ಇಟ್ಟುಕೊಂಡು, ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಬಳಕೆ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟದ್ದೆಂದೂ ಬಹುಮತದ ಪರೀಕ್ಷೆಗೆ ಸದನವೇ ಜಾಗವೆಂದೂ ತೀರ್ಪಿತ್ತಿತು. ಇಂದು ಯಾವ ಪಕ್ಷದ ರಾಜ್ಯ ಸರ್ಕಾರವಾದರೂ ವಜಾದ ಭಯ ಎದುರಾದಾಗ ಮೊದಲು ಹಿಡಿದುಕೊಳ್ಳುವುದು ಈ ತೀರ್ಪನ್ನು. ಬೊಮ್ಮಾಯಿಯವರಿಗೆ ಅಧಿಕಾರ ಮರಳಿ ಸಿಗಲಿಲ್ಲ. ಆದರೆ ಅವರ ಹೆಸರಿನ ಮೊಕದ್ದಮೆ ಅವರ ನಂತರದ ಎಷ್ಟೋ ಸರ್ಕಾರಗಳನ್ನು ಕಾದಿದೆ ಎಂಬುದು ನನಗೆ ಪ್ರತಿ ಸಲವೂ ಗೌರವ ಹುಟ್ಟಿಸುವ ಸಂಗತಿ.

ಇನ್ನೊಂದು ಎಳೆ ಹಳ್ಳಿಗಳ ಕಡೆ ಹೋಗುತ್ತದೆ. ಹೆಗಡೆ ಸಂಪುಟದ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ ರೂಪುಗೊಂಡ 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತಿ ಕಾಯಿದೆಯ ಅಡಿಯಲ್ಲಿ 1987ರ ಜನವರಿಯಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಡಲಾಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಪಾಲನ್ನು ದೇಶಕ್ಕೆಲ್ಲ ಕಡ್ಡಾಯಗೊಳಿಸಿದಾಗ, ಅದು ಆಗುವ ಕೆಲಸವೆಂದು ತೋರಿಸಲು ಕರ್ನಾಟಕದ ಅನುಭವ ಕಣ್ಣೆದುರಿಗಿತ್ತು. ಈ ಎಳೆಗೆ ಬೇರೆಯೇ ಒಂದು ಹಾಳೆ ಬೇಕೆನಿಸಿದೆ.

ಜುಲೈ

ಕರ್ನಾಟಕದ ಮೂರು ಪಟಗಳು ಮುಗಿದಿವೆ. ಕಾಲರೇಖೆಯ ಕೊನೆಯನ್ನು 1996ರ ಜೂನ್ 1ಕ್ಕೆ ನಿಲ್ಲಿಸಿದ್ದೇನೆ. ಅಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾದರು, ಜನತಾದಳದ ಸಂಸದರಲ್ಲಿ 16 ಮಂದಿ ಕರ್ನಾಟಕದವರು, ಅವರ ಸರ್ಕಾರ ರಚಿಸಿದ ಸಂಯುಕ್ತ ರಂಗ ಮೈತ್ರಿಕೂಟದ ಸಂಚಾಲಕರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು. ಅಲ್ಲಿಂದಾಚೆಗಿನ ಕಥೆಗೆ ಬೇರೆ ಚುನಾವಣೆಗಳು ಬೇಕಾಗುತ್ತವೆ.

ಆಂಧ್ರದ 294 ಕ್ಷೇತ್ರಗಳ ಗಡಿಗಳು ಇನ್ನೂ ಬಾಕಿ. ಅಲ್ಲಿ ದೊಡ್ಡ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದ್ದು ರಾಮರಾಯರ ಸರ್ಕಾರವೇ, 1985ರಲ್ಲಿ. ಈಗ ಸುಲಭವಾಗಿ ಸಿಗುವ ನಕ್ಷೆಗಳೆಲ್ಲ ಮಂಡಲಗಳವಾದ್ದರಿಂದ 1983ರ ಪಟಕ್ಕೆ ಹಳೆಯ ತಾಲ್ಲೂಕುಗಳನ್ನು ಮೊದಲು ಮರುಜೋಡಿಸಿಕೊಳ್ಳಬೇಕು. ಗಡಿಯಾಚೆಯ ಅನಂತಪುರ ಜಿಲ್ಲೆಯಿಂದ ಆರಂಭಿಸುತ್ತಿದ್ದೇನೆ. ಪಾವಗಡ, ಮಡಕಶಿರಾ, ಹಿಂದೂಪುರ ಒಂದೇ ಹಾಳೆಯಲ್ಲಿ ಬಂದರೆ ಎರಡು ರಾಜ್ಯಗಳ ಪಟಗಳು ಸರಿಯಾಗಿ ಕೂಡುತ್ತವೆಯೇ ಎಂಬುದು ಅಲ್ಲಿಯೇ ಗೊತ್ತಾಗಲಿದೆ.