ಕಿವಿ ಸರಿಯಿದೆ, ಮುಂದೆ?

ಶಬ್ದ ಕಿವಿಯಿಂದ ಮಿದುಳಿನ ತನಕ ತಲುಪುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಮಗು ಮಲಗಿರಬೇಕು. ಸುಮ್ಮನೆ ಕಣ್ಣು ಮುಚ್ಚಿದರೆ ಸಾಲದು, ಗಾಢ ನಿದ್ದೆಯೇ ಬೇಕು. ಅದಕ್ಕೇ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ತೂಕಡಿಸಲೂ ಬಿಡದೆ ಕರೆತನ್ನಿ ಅಂದಿದ್ದರು. ತಲೆಗೆ ಎಣ್ಣೆ ಬೇಡ, ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಅಂಟುವುದಿಲ್ಲ ಅಂತಲೂ ಹೇಳಿದ್ದರು. ದಿನಾ ಮೊಮ್ಮಗನ ನೆತ್ತಿಗೆ ಎಣ್ಣೆ ಒತ್ತುವ ನಮ್ಮ ಅತ್ತೆಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಮಗನಿಗೆ ಆಗ ಎರಡು ವರ್ಷ ದಾಟಿತ್ತು. ಹೆಸರು ಹಿಡಿದು ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸರಕ್ಕೆಂದರೆ ಓಡಿ ಬರುತ್ತಿದ್ದ. ಒಂದೂವರೆ ವರ್ಷದ ಹೊತ್ತಿಗೆ ಆಡುತ್ತಿದ್ದ ಒಂದೆರಡು ಮಾತುಗಳೂ ನಿಂತುಹೋಗಿದ್ದವು. ನೀರು ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಫಿಲ್ಟರ್ ತನಕ ಎಳೆದೊಯ್ದು, ನನ್ನ ಕೈಯನ್ನೇ ನಲ್ಲಿಯ ಮೇಲೆ ಇಡುತ್ತಿದ್ದ. ಮುಖ ಮಾತ್ರ ನೋಡುತ್ತಿರಲಿಲ್ಲ.

ಮೊದಲು ಕಿವಿ ತೋರಿಸಿ ಅಂದರು ಮಕ್ಕಳ ಡಾಕ್ಟರು. ಮಾತು ತಡವಾದ ಯಾವ ಮಗುವಿಗೂ ಮೊದಲು ಆಗಬೇಕಾದ ಪರೀಕ್ಷೆ ಅದು. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ, ಮಾತು, ಬೆರೆಯುವಿಕೆ ಬೇರೆ ರೀತಿಯಲ್ಲಿ ಬೆಳೆಯುವ ಆಟಿಸಂ ಇರುವ ಮಗುವೂ ಹಲವು ಸಲ ತಿರುಗುವುದಿಲ್ಲ. ಎರಡೂ ಒಟ್ಟಿಗೆ ಇರುವ ಮಕ್ಕಳೂ ಇದ್ದಾರೆ. ನಮ್ಮ ಕಡೆಯವರಿಗೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಹೇಗೋ ಮುಂಬಯಿಯಲ್ಲಿ ಬಾಂದ್ರಾ ರೆಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ ಹಾಗೆ. ವಾಕ್ ಮತ್ತು ಶ್ರವಣಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು.

ಅಲ್ಲಿಗೆ ಹೋಗಲು ಡೊಂಬಿವಲಿಯಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆವು. ಅವನನ್ನು ಎಚ್ಚರ ಇಡುವುದು ಕಷ್ಟವಾಗಲಿಲ್ಲ, ತಿರುಗುವ ಫ್ಯಾನು ಆ ಕೆಲಸ ಮಾಡಿತು. ದಾದರ್ ತನಕ ತಲೆಯೆತ್ತಿ ಅದನ್ನೇ ನೋಡಿದ. ಎದುರು ಕೂತ ಹೆಂಗಸು ಅವನ ಕೆನ್ನೆ ಮುಟ್ಟಿ ಹೆಸರು ಕೇಳಿದರು. ಅವನು ಸುಮ್ಮನಿದ್ದಾಗ, 'ಮುಲಗೆ ಉಶಿರಾ ಬೋಲತಾತ್' ಅಂತ ನನಗೆ ಸಮಾಧಾನ ಹೇಳಿದರು. ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ ಎಂಬ ಇದೇ ಮಾತನ್ನು ಧಾರವಾಡದಲ್ಲೂ ಕೇಳಿದ್ದೆ, ಡೊಂಬಿವಲಿಯ ಕನ್ನಡದ ಮನೆಗಳಲ್ಲೂ ಕೇಳಿದ್ದೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆಟಿಸಂ ಹುಡುಗಿಯರಿಗಿಂತ ಹುಡುಗರಲ್ಲೇ ಮೂರ್ನಾಲ್ಕು ಪಟ್ಟು ಹೆಚ್ಚಾಗಿ ಪತ್ತೆಯಾಗುತ್ತದೆ. ಗಂಡುಮಗು ಅನ್ನುವುದು ಕಾಯಲು ಕಾರಣ ಹೇಗಾದೀತು? ಬೇಗ ತೋರಿಸಲು ಅದೇ ಕಾರಣವಾಗಬೇಕು.

ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಅವನು ಜಪ್ಪಯ್ಯ ಅಂದರೂ ಮಲಗಲಿಲ್ಲ. ಹೊಸ ಜಾಗ, ಏಸಿಯ ಗುಂಯ್ ಸದ್ದು, ಹಣೆಗೆ ಹಚ್ಚಿದ ತಣ್ಣನೆಯ ಜೆಲ್ ಎಲ್ಲ ಸೇರಿ ಮೈಯನ್ನು ಬಿಲ್ಲಿನಂತೆ ಬಾಗಿಸಿ ಚೀರಿದ. ನಾನು ಎತ್ತಿಕೊಂಡಷ್ಟೂ ಹೆಚ್ಚಾಯಿತು. ಕೊನೆಗೆ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು, ಅವನನ್ನು ಬೋರಲಾಗಿ ಕಾಲ ಮೇಲೆ ಹಾಕಿಕೊಂಡು, ಒಂದೇ ಲಯದಲ್ಲಿ ಬೆನ್ನು ತಟ್ಟತೊಡಗಿದರು. ಗಟ್ಟಿಯಾಗಿ, ಬಿಡದೆ. ಮೈಮೇಲೆ ಬೀಳುವ ಗಟ್ಟಿ ಒತ್ತಡ ಅವನಿಗೆ ಹಿತ ಎಂದು ಥೆರಪಿಸ್ಟ್ ನಮಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅತ್ತೆಗೆ ಅದು ಆಗಲೇ ಗೊತ್ತಿತ್ತು.

ಅವನು ಮಲಗಿದ ಮೇಲೆ ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಶಬ್ದ ಬಿಟ್ಟರು. ಶಬ್ದ ಕಿವಿಯಿಂದ ನರದ ಮೂಲಕ ಮಿದುಳಿನ ಕಾಂಡ ತಲುಪಿದ್ದು ಪರದೆಯ ಮೇಲೆ ಸಾಲು ಅಲೆಗಳಾಗಿ ಮೂಡುತ್ತದೆ. ನೋಡಬೇಕಾದದ್ದು ಐದನೇ ಅಲೆ. ಶಬ್ದ ಇಳಿಸುತ್ತ ಹೋದಂತೆ ಆ ಅಲೆ ಚಿಕ್ಕದಾಗುತ್ತದೆ, ತುಸು ತಡವಾಗಿ ಬರುತ್ತದೆ. 30 ಡೆಸಿಬೆಲ್‌ನಷ್ಟು ಮೆಲ್ಲನೆಯ ಶಬ್ದಕ್ಕೂ ಎರಡೂ ಕಿವಿಯಲ್ಲಿ ಅದು ಕಾಣಿಸಿತು.

'ಕಿವಿ ಚೊಲೋ ಅದಾವಂತ!' ಅತ್ತೆ ಹೊರಗೆ ಬಂದವರೇ ಧಾರವಾಡಕ್ಕೆ ಫೋನು ಹಚ್ಚಿದರು. ನನಗೂ ಸಂತೋಷವೇ. ಆದರೆ ಒಳಗೆ ಕಿವಿ ಪರೀಕ್ಷಿಸಿದ ಆಡಿಯಾಲಜಿಸ್ಟ್ ನನ್ನೊಬ್ಬಳನ್ನೇ ಕೂರಿಸಿ ಹೇಳಿದ್ದು ಬೇರೆ: ಶಬ್ದ ಮಿದುಳಿನ ತನಕ ಹೋಗುತ್ತಿದೆ ಅಂತಷ್ಟೇ ಇದರಿಂದ ಗೊತ್ತಾಯಿತು, ನಿಮ್ಮ ದನಿಗೆ ಅವನು ಯಾಕೆ ಗಮನ ಕೊಡುತ್ತಿಲ್ಲ ಅನ್ನುವುದು ಇನ್ನು ಮುಂದೆ ನೋಡಬೇಕಾದ ಪ್ರಶ್ನೆ. ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್, ಅಂದರೆ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ ಹತ್ತಿರ ಹೋಗಿ. ಅಪಾಯಿಂಟ್‌ಮೆಂಟ್ ತಡವಾದರೂ ಸ್ಪೀಚ್ ಥೆರಪಿ ತಡ ಮಾಡಬೇಡಿ, ಅದಕ್ಕೆ ತೊಂದರೆಯ ಹೆಸರು ಗೊತ್ತಾಗಲೇಬೇಕು ಅಂತಿಲ್ಲ. ಕಿವಿ ಸರಿಯಿದೆ ಎಂಬ ಒಂದೇ ಸಾಲು ಹಿಡಿದು ಎಷ್ಟೋ ಮನೆಯವರು ಮತ್ತೆ ಒಂದು ವರ್ಷ ಸುಮ್ಮನಿರುತ್ತಾರಂತೆ.

ಇನ್ನೊಂದು ಕೇಳಿದೆ. ಒಂದು ಪ್ಲೇಸ್ಕೂಲಿನವರು ಮನೆಯಲ್ಲಿ ಕನ್ನಡ ಬಿಡಿ, ಬರೀ ಇಂಗ್ಲಿಷ್ ಮಾತಾಡಿ, ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ ಅಂದಿದ್ದರು. ಆಡಿಯಾಲಜಿಸ್ಟ್ ಕೂಡಲೇ ಹಾಗೆ ಮಾಡಬೇಡಿ ಅಂದರು. ಮನೆಯಲ್ಲಿ ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಇಡೀ ದಿನ ಅವನ ಜೊತೆ ಇರುವವರು ಅತ್ತೆ. ಅವರ ಕನ್ನಡ ನಿಲ್ಲಿಸಿದರೆ ಅವನೊಂದಿಗೆ ಮಾತಾಡಲು ಮನೆಯಲ್ಲಿ ಉಳಿಯುವವರು ಯಾರು?

ವಾಪಸು ಬರುವಾಗ, ಆಟಿಸಂನ ಸುಳಿವು ಇದೆಯೇ ಎಂದು ತಂದೆತಾಯಿಯನ್ನು ಕೇಳುವ ಎಂ-ಚಾಟ್-ಆರ್ ಪ್ರಶ್ನಾವಳಿ ತುಂಬಲು ಕೂತೆ. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆ. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನೆಯೇ ಅಂತ ಒಂದು, ಚೆಂದದ್ದೇನೋ ಕಂಡರೆ ನಿಮಗೂ ಕಾಣಲಿ ಅಂತ ಬೆರಳು ತೋರಿಸುತ್ತಾನೆಯೇ ಅಂತ ಇನ್ನೊಂದು. ಅತ್ತೆಗೆ ಓದಿ ಹೇಳಿದೆ. 'ಕೈ ಹಿಡಿದು ಎಳೀತಾನಲ್ಲ?' ಅಂದರು. ಅದು ಬೇರೆ, ಇದು ಬೇರೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು. 'ವಿಮಾನ ನೋಡು ಅಂತ ನಮ್ಮ ಹುಡುಗರೆಲ್ಲ ತೋರಸ್ತಿದ್ವು. ಇಂವಾ ತೋರಸಂಗಿಲ್ಲ. ಇಲ್ಲ ಅಂತನ ಬರಿ.'

ಆಟಿಸಂ ಎಂದು ಬರೆದ ವರದಿ ಬರುವಷ್ಟರಲ್ಲಿ ಥೆರಪಿ ಶುರುವಾಗಿ, ನೀರಿನ ಚಿತ್ರ ಎತ್ತಿ ಕೊಟ್ಟು ನೀರು ಕೇಳುವುದನ್ನು ಅವನು ಕಲಿತಿದ್ದ. ಹಾಲು, ಚಪಾತಿ, ಬಾಳೆಹಣ್ಣಿನ ಚಿತ್ರಗಳನ್ನು ಅತ್ತೆಯೇ ಫ್ರಿಜ್‌ಗೆ ಅಂಟಿಸಿದ್ದಾರೆ. ಅವನು ಕಿತ್ತು ಕೊಟ್ಟಾಗಲೆಲ್ಲ ಅವನೆದುರು ಕೂತು, ಅದರ ಹೆಸರನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿ, ಆಮೇಲೆ ಕೊಡುತ್ತಾರೆ.