ಹಡಗಿನ ಕ್ಯಾಸಿನೊದಲ್ಲಿ ಹಣ ಕಟ್ಟುವ, ಹಣ ಬಿಡಿಸಿಕೊಳ್ಳುವ ಕ್ರಮ: ಕಾಸರಗೋಡಿನಿಂದ ಹೊರಡುವವರಿಗೆ

ಸಿಂಗಾಪುರದಲ್ಲಿ ಹಡಗು ಹತ್ತಿ, ಮಲಾಕ್ಕಾ ಜಲಸಂಧಿಯ ಮೂಲಕ ಪೆನಾಂಗ್, ಫುಕೆಟ್‌ಗಳನ್ನು ನೋಡಿಕೊಂಡು ಮರಳುವ ಮೂರು ನಾಲ್ಕು ರಾತ್ರಿಗಳ ಪ್ರವಾಸಕ್ಕೆ ಈಗ ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯ ಕುಟುಂಬಗಳೂ ಹೊರಡುತ್ತಿವೆ. ಟ್ರಾವೆಲ್ ಏಜೆಂಟರು ವೀಸಾ, ಕೋಣೆ, ಸಸ್ಯಾಹಾರದ ಊಟ ಇವುಗಳ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಹಡಗಿನ ನಡು ಅಂತಸ್ತಿನಲ್ಲಿ ಎಲ್ಲರೂ ಹಾದುಹೋಗಲೇಬೇಕಾದ ಜಾಗದಲ್ಲಿ ದೀಪ ಬೆಳಗಿಸಿಕೊಂಡು ಕುಳಿತಿರುವ ಕ್ಯಾಸಿನೊದ ಹಣದ ವ್ಯವಹಾರದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಜುಗಾರಿ ಆಡಬೇಕೇ ಬೇಡವೇ ಎಂಬುದು ಅವರವರ ಮನೆಯ ವಿಚಾರ. ಆಟದಲ್ಲಿ ಸೋಲುವ ಹಣ ಒಂದು ಲೆಕ್ಕವಾದರೆ, ಆ ಹಣವನ್ನು ಕಟ್ಟುವ ಮತ್ತು ಬಿಡಿಸಿಕೊಳ್ಳುವ ದಾರಿಯಲ್ಲಿ ಸೋರಿಹೋಗುವ ಹಣ ಬೇರೆಯೇ ಲೆಕ್ಕ. ಮೊದಲನೆಯದನ್ನು ಯಾರೂ ತಡೆಯಲಾರರು. ಎರಡನೆಯದನ್ನು ತಿಳಿದುಕೊಂಡು ಹೋದರೆ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು.

ನಾನು ಹೋದದ್ದು ಭಾವ ಮತ್ತು ಅಕ್ಕನ ಜೊತೆ. ಕಾಸರಗೋಡಿನಿಂದ ರೈಲಿನಲ್ಲಿ ಆಲುವಾಕ್ಕೆ ಹೋಗಿ, ಅಲ್ಲಿಂದ ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಸೇರಿ, ಕೊಚ್ಚಿಯಿಂದ ನೇರ ವಿಮಾನದಲ್ಲಿ ಸಿಂಗಾಪುರಕ್ಕೆ ಹೋಗುವುದು ನಮಗೆ ಅನುಕೂಲವಾಯಿತು. ವಿದೇಶಿ ನೋಟುಗಳನ್ನು ಊರಿನಲ್ಲೇ ಕೊಂಡುಕೊಳ್ಳಿ. ಗಲ್ಫಿಗೆ ಹೋಗಿಬರುವವರು ಇಷ್ಟೊಂದು ಮಂದಿ ಇರುವ ಕಾಸರಗೋಡು ಪೇಟೆಯಲ್ಲಿ ಹಣ ವಿನಿಮಯದ ಅಂಗಡಿಗಳಿಗೆ ಕೊರತೆಯಿಲ್ಲ. ಎರಡು ಮೂರು ಕಡೆ ದರ ಕೇಳಿದರೆ ವ್ಯತ್ಯಾಸ ಕಾಣುತ್ತದೆ. ಪಾಸ್‌ಪೋರ್ಟ್, ಟಿಕೆಟ್, ಪ್ಯಾನ್ ಕಾರ್ಡ್ ಕೊಂಡೊಯ್ಯಬೇಕು. ಪ್ರಯಾಣಕ್ಕೆ 60 ದಿನಗಳೊಳಗೆ ಮಾತ್ರ ನೋಟು ಕೊಡುತ್ತಾರೆ. ರೂಪಾಯಿಯನ್ನು ನಗದಾಗಿ ಕೊಟ್ಟು ಕೊಳ್ಳುವುದಕ್ಕೆ 50,000 ರೂಪಾಯಿಯ ಮಿತಿಯಿದೆ, ಅದಕ್ಕಿಂತ ಹೆಚ್ಚಿನದಕ್ಕೆ ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಒಬ್ಬರು ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಅಮೆರಿಕನ್ ಡಾಲರ್ ಮೌಲ್ಯದಷ್ಟನ್ನು ಒಯ್ಯಬಹುದು. ಪಡೆದ ರಸೀದಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲೆಲ್ಲ ಸಿಂಗಾಪುರ ಡಾಲರೇ ನಡೆಯುತ್ತದೆ ಎಂದು ಭಾವಿಸಬೇಡಿ. ಅಮೆರಿಕದ ಕಂಪನಿಗಳ ಹಡಗುಗಳಲ್ಲಿ ಅಮೆರಿಕನ್ ಡಾಲರೇ ವ್ಯವಹಾರದ ನಾಣ್ಯ. ಟಿಕೆಟ್ ಮಾಡಿಸುವಾಗಲೇ ಇದನ್ನು ಕೇಳಿಕೊಂಡರೆ ನೋಟನ್ನು ಎರಡು ಸಲ ಬದಲಾಯಿಸುವ ನಷ್ಟ ತಪ್ಪುತ್ತದೆ.

ನಗದಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕ್ಯಾಸಿನೊದಲ್ಲಿ ನಗದು ನಡೆಯುತ್ತದೆ, ಹಡಗಿನಲ್ಲಿ ಬೇರೆಲ್ಲ ಕಡೆ ನಡೆಯುವುದಿಲ್ಲ. ಹತ್ತುವಾಗ ಒಂದು ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಾರೆ. ಅದೇ ಕೋಣೆಯ ಬೀಗದ ಕೈ, ಅದೇ ಗುರುತಿನ ಚೀಟಿ, ಅದೇ ಖರ್ಚಿನ ಖಾತೆ. ರಾಯಲ್ ಕೆರಿಬಿಯನ್‌ನಲ್ಲಿ ಇದಕ್ಕೆ ಸೀಪಾಸ್ ಎನ್ನುತ್ತಾರೆ, ಕಾರ್ನಿವಲ್‌ನಲ್ಲಿ ಸೈಲ್ ಆಂಡ್ ಸೈನ್ ಎನ್ನುತ್ತಾರೆ. ಕುಡಿದ ಜ್ಯೂಸು, ಕೊಂಡ ಟೋಪಿ ಎಲ್ಲವೂ ಕೋಣೆಯ ಖಾತೆಗೆ ಸೇರಿ, ಕೊನೆಯ ದಿನ ನೀವು ನೋಂದಾಯಿಸಿದ ಬ್ಯಾಂಕ್ ಕಾರ್ಡಿನಿಂದ ವಸೂಲಾಗುತ್ತದೆ. ನೋಂದಾಯಿಸುವಾಗ ಡೆಬಿಟ್ ಕಾರ್ಡ್ ಕೊಡದಿರುವುದು ಒಳ್ಳೆಯದು. ಖರ್ಚಿಗೆ ತಕ್ಕಂತೆ ಹಡಗಿನವರು ಬ್ಯಾಂಕಿನಲ್ಲಿ ಮೊತ್ತವನ್ನು ತಡೆಹಿಡಿಸುತ್ತಾರೆ, ಬಿಲ್ಲು ಮುಗಿದ ಮೇಲೂ ಆ ತಡೆ ಕೆಲವು ದಿನ ಉಳಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿ ಮಾತ್ರ ಕುಗ್ಗುತ್ತದೆ, ಡೆಬಿಟ್ ಕಾರ್ಡಿನಲ್ಲಾದರೆ ಉಳಿತಾಯ ಖಾತೆಯ ಹಣವೇ ಸಿಕ್ಕಿಕೊಳ್ಳುತ್ತದೆ. ಕಾರ್ಡೇ ಬೇಡವೆನ್ನುವವರು ಅತಿಥಿ ಸೇವಾ ಕೌಂಟರಿನಲ್ಲಿ ನಗದು ಠೇವಣಿ ಇಟ್ಟು ಖಾತೆ ತೆರೆಯಬಹುದು.

ಕ್ಯಾಸಿನೊ ಬಂದರಿನಲ್ಲಿ ತೆರೆದಿರುವುದಿಲ್ಲ. ಹಡಗು ಕರಾವಳಿಯಿಂದ ದೂರ ಸಾಗಿ, ಆಯಾ ದೇಶದ ಕಾನೂನು ಬಿಡುವ ಜಾಗ ತಲುಪಿದ ಮೇಲೆ ಮೇಜುಗಳ ಹೊದಿಕೆ ತೆಗೆಯುತ್ತಾರೆ; ಮುಂದಿನ ಬಂದರು ಸಮೀಪಿಸುವಾಗ ಮತ್ತೆ ಮುಚ್ಚುತ್ತಾರೆ. ಆಟ ನಿಂತಾಗ ಹಣ ಕೊಡುವ ಕೌಂಟರೂ ಸಾಮಾನ್ಯವಾಗಿ ಮುಚ್ಚುವುದರಿಂದ, ಪೆನಾಂಗಿನಲ್ಲಿ ಇಳಿದು ಪೇಟೆ ಸುತ್ತುವುದಕ್ಕೆ ಬೇಕಾದ ಹಣವನ್ನು ಚಿಪ್ಪುಗಳಾಗಿ, ಅಂದರೆ ಆಟದಲ್ಲಿ ನೋಟಿನ ಬದಲು ಬಳಸುವ ಬಿಲ್ಲೆಗಳಾಗಿ, ಕಿಸೆಯಲ್ಲಿಟ್ಟುಕೊಂಡು ಮಲಗಬಾರದು.

ಒಳಗೆ ಹಣ ಹೋಗುವುದಕ್ಕೆ ಮೂರು ದಾರಿ. ಒಂದು, ಮೇಜಿನಲ್ಲೇ ಅಥವಾ ಕ್ಯಾಷಿಯರ್ ಕೌಂಟರಿನಲ್ಲಿ ನಗದು ಕೊಟ್ಟು ಚಿಪ್ಪು ಪಡೆಯುವುದು. ಇದಕ್ಕೆ ಶುಲ್ಕವಿಲ್ಲ. ಎರಡು, ಕೋಣೆಯ ಕಾರ್ಡ್ ತೋರಿಸಿ ಖಾತೆಗೆ ಬರೆಸುವುದು. ಮೂರು, ಎಟಿಎಮ್ಮಿನಿಂದಲೋ ಕ್ರೆಡಿಟ್ ಕಾರ್ಡಿನ ಮೇಲೋ ನಗದು ಎತ್ತುವುದು. ಮೂರನೆಯದು ಎಲ್ಲಕ್ಕಿಂತ ದುಬಾರಿ: ಹಡಗಿನ ಎಟಿಎಂ ಪ್ರತಿ ಸಲವೂ ಶುಲ್ಕ ಹಿಡಿಯುತ್ತದೆ, ನಮ್ಮ ಬ್ಯಾಂಕು ತನ್ನ ವಿದೇಶಿ ವಿನಿಮಯದ ಶುಲ್ಕ ಸೇರಿಸುತ್ತದೆ, ಕ್ರೆಡಿಟ್ ಕಾರ್ಡಾದರೆ ಎತ್ತಿದ ದಿನದಿಂದಲೇ ಬಡ್ಡಿಯೂ ಓಡುತ್ತದೆ. ಅದಲ್ಲದೆ ಕಾರ್ಡ್ ವ್ಯವಹಾರಗಳಲ್ಲಿ ಜೂಜಿಗೆಂದೇ 7995 ಎಂಬ ಸಂಕೇತವಿದೆ. ಭಾರತದ ಅನೇಕ ಬ್ಯಾಂಕುಗಳು ಆ ಸಂಕೇತದ ಪಾವತಿಯನ್ನು ಕಂಡೊಡನೆ ನಿರಾಕರಿಸುತ್ತವೆ. ಲಾಟರಿ ಮುಂತಾದವುಗಳಿಗೆ ವಿದೇಶಕ್ಕೆ ಹಣ ಕಳಿಸುವುದನ್ನು ನಮ್ಮ ವಿದೇಶಿ ವಿನಿಮಯ ನಿಯಮಗಳು ನಿಷೇಧಿಸಿರುವುದರಿಂದ ಬ್ಯಾಂಕುಗಳು ಈ ವಿಷಯದಲ್ಲಿ ಬಿಗಿಯಾಗಿಯೇ ಇರುತ್ತವೆ. ಹೊರಡುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ, ಅವರು ಕೂಡದು ಎಂದದ್ದನ್ನು ಮಾಡಲು ಹೋಗಬೇಡಿ.

ನಗದು ಕೊಟ್ಟು ಚಿಪ್ಪು ಪಡೆಯುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ಶಿಸ್ತು ಅರ್ಥವಾಗುತ್ತದೆ. ತಿರುಗುವ ಚಕ್ರದ ಮೇಲೆ ಪಣ ಕಟ್ಟುವ ರೂಲೆಟ್ ಮೇಜಿನಲ್ಲಿ ಭಾವ ನೂರು ಡಾಲರಿನ ನೋಟನ್ನು ಆಟ ನಡೆಸುವ ಡೀಲರ್ ಹುಡುಗಿಯ ಕೈಗೆ ಚಾಚಿದರು. ಆಕೆ ಕೈ ಮುಂದೆ ಮಾಡಲಿಲ್ಲ. ಮೇಜಿನ ಮೇಲೆ ಇಡುವಂತೆ ಬೆರಳಿನಿಂದ ಸೂಚಿಸಿದಳು. ಇಟ್ಟ ಮೇಲೆ ನೋಟನ್ನು ಮೇಲಿನ ಕ್ಯಾಮೆರಾಗೆ ಕಾಣುವಂತೆ ಚಪ್ಪಟೆಯಾಗಿ ಹರಡಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಹಿಂದೆ ನಿಂತಿದ್ದ ಮೇಲ್ವಿಚಾರಕ ತಲೆಯಾಡಿಸಿದ ನಂತರವೇ ಚಿಪ್ಪುಗಳನ್ನು ಸಾಲಾಗಿ ಬಿಡಿಸಿ ತೋರಿಸಿ ಇತ್ತ ತಳ್ಳಿದಳು. ನೋಟನ್ನು ಒಂದು ಸಪಾಟು ಪಟ್ಟಿಯಿಂದ ಮೇಜಿನ ಸೀಳಿನೊಳಗೆ ಒತ್ತಿದಳು. "ಇದು ಸೊಸೈಟಿ ಬ್ಯಾಂಕಿನ ಕೌಂಟರಿಗಿಂತ ಬಿಗಿ ಉಂಟಲ್ಲ ಮಾರಾಯ" ಎಂದರು ಭಾವ. ಬಿಗಿ ಇರುವುದು ನಮ್ಮ ಅನುಕೂಲಕ್ಕೂ ಹೌದು, ಏಕೆಂದರೆ ಮೊತ್ತದಲ್ಲಿ ತಕರಾರು ಬಂದರೆ ಕ್ಯಾಮೆರಾದ ದಾಖಲೆಯನ್ನು ನೋಡಿಯೇ ತೀರ್ಮಾನಿಸುತ್ತಾರೆ. ಚಿಪ್ಪನ್ನು ಎಣಿಸಿಕೊಳ್ಳುವುದಿದ್ದರೆ ಮೇಜಿನ ಮೇಲಿರುವಾಗಲೇ ಎಣಿಸಿ, ಕಿಸೆಗೆ ಹಾಕಿಕೊಂಡ ಮೇಲಲ್ಲ. ರೂಲೆಟ್ ಮೇಜಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಚಿಪ್ಪು ಕೊಡುತ್ತಾರೆ. ಅವುಗಳಿಗೆ ಆ ಮೇಜಿನ ಹೊರಗೆ ಬೆಲೆಯೇ ಇಲ್ಲ. ಏಳುವ ಮೊದಲು ಅವನ್ನು ಮೊತ್ತ ಮುದ್ರಿಸಿದ ಚಿಪ್ಪುಗಳಿಗೆ ಬದಲಾಯಿಸಿಕೊಳ್ಳಲೇಬೇಕು.

ಎರಡನೆಯ ದಾರಿಯಲ್ಲಿ, ಅಂದರೆ ಕೋಣೆಯ ಖಾತೆಗೆ ಬರೆಸುವುದರಲ್ಲಿ, ಹೆಚ್ಚಿನವರು ಎಡವುತ್ತಾರೆ. ಹಲವು ಕಂಪನಿಗಳು ಇದಕ್ಕೆ ಅನುಕೂಲ ಶುಲ್ಕವೆಂದು ಶೇಕಡಾ 3ರಿಂದ 5ರವರೆಗೆ ಹಿಡಿಯುತ್ತವೆ. ಶೇಕಡಾ 5 ಎಂದಿಟ್ಟುಕೊಂಡು 300 ಡಾಲರ್ ಬರೆಸಿದರೆ ಖಾತೆಯಲ್ಲಿ ಬೀಳುವುದು 315. ಈಗ ಒಂದೂ ಆಟ ಆಡದೆ ಆ 300 ಡಾಲರಿನ ಚಿಪ್ಪನ್ನು ಕೌಂಟರಿಗೆ ಒಯ್ದರೆ ಕೈಗೆ 300 ಡಾಲರ್ ನಗದು ಬರುತ್ತದೆ, ಖಾತೆಯ 315 ಹಾಗೆಯೇ ಉಳಿಯುತ್ತದೆ. ಚಿಪ್ಪು ಮರಳಿಸಿದರೆ ಖಾತೆಯ ಸಾಲವೂ ಅಳಿಯುತ್ತದೆ ಎಂದು ಅನೇಕರು ತಿಳಿದಿರುತ್ತಾರೆ. ಅದು ತಾನಾಗಿ ಅಳಿಯುವುದಿಲ್ಲ. ಆ ನಗದನ್ನು ನೀವೇ ಅತಿಥಿ ಸೇವಾ ಕೌಂಟರಿಗೆ ಒಯ್ದು ಖಾತೆಗೆ ಕಟ್ಟಬೇಕು. ಕಟ್ಟದೆ ಊರಿಗೆ ಬಂದರೆ ಕಾರ್ಡಿನಲ್ಲಿ ಡಾಲರಿನ ಬಿಲ್ಲು ವಿನಿಮಯ ಶುಲ್ಕದೊಂದಿಗೆ ಬರುತ್ತದೆ, ಕೈಯಲ್ಲಿರುವ ಡಾಲರನ್ನು ಇಲ್ಲಿ ಮಾರುವಾಗ ಅಂಗಡಿಯವನ ಕೊಳ್ಳುವ ದರಕ್ಕೆ ಕೊಡಬೇಕಾಗುತ್ತದೆ. ಎರಡೂ ಕಡೆ ನಷ್ಟ. ಆದ್ದರಿಂದ ನನ್ನ ಸಲಹೆ ಒಂದೇ: ಸೋತರೂ ಅಡ್ಡಿಯಿಲ್ಲ ಎನಿಸುವ ಮೊತ್ತವನ್ನು ನಗದಾಗಿ ಬೇರೆ ಲಕೋಟೆಯಲ್ಲಿ ಒಯ್ಯಿರಿ, ಕೋಣೆಯ ಕಾರ್ಡಿನಲ್ಲಿ ಕ್ಯಾಸಿನೊಗೆ ಬರೆಸುವ ಸೌಲಭ್ಯವನ್ನೇ ಮೊದಲ ದಿನ ತಡೆಸಿಬಿಡಿ. ಸಣ್ಣವರು ಜೊತೆಗಿದ್ದರೆ ಅವರ ಕಾರ್ಡಿನ ಖರ್ಚಿಗೂ ಮಿತಿ ಹಾಕಿಸಬಹುದು.

ಗುಂಡಿ ಒತ್ತಿ ಒಬ್ಬರೇ ಆಡುವ ಸ್ಲಾಟ್ ಎಂಬ ಜೂಜಿನ ಯಂತ್ರಗಳ ವ್ಯವಹಾರ ಇನ್ನೊಂದು ಬಗೆ. ಯಂತ್ರಕ್ಕೆ ನೋಟು ತೂರಿಸಬಹುದು, ಇಲ್ಲವೇ ಕೋಣೆಯ ಕಾರ್ಡ್ ಸಿಕ್ಕಿಸಿ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಒತ್ತಿ ಖಾತೆಯಿಂದ ಹಣ ಎಳೆಯಬಹುದು. ಎದ್ದು ಹೋಗುವಾಗ ಉಳಿದ ಮೊತ್ತವನ್ನು ಯಂತ್ರ ಮುದ್ರಿತ ಚೀಟಿಯಾಗಿ ಕೊಡುತ್ತದೆ ಅಥವಾ ಕಾರ್ಡಿನಲ್ಲಿರುವ ಕ್ಯಾಸಿನೊ ಕೈಚೀಲಕ್ಕೆ, ಅಂದರೆ ಆಟದ ಹಣದ ಲೆಕ್ಕಕ್ಕೆ, ಸೇರಿಸುತ್ತದೆ. ಈ ಕ್ಯಾಸಿನೊ ಕೈಚೀಲ ಮತ್ತು ಕೋಣೆಯ ಖಾತೆ ಎರಡೂ ಒಂದೇ ಕಾರ್ಡಿನಲ್ಲಿದ್ದರೂ ಬೇರೆ ಬೇರೆ ಪುಸ್ತಕಗಳು. ಒಂದರಲ್ಲಿರುವ ಹಣ ಇನ್ನೊಂದರ ಬಿಲ್ಲಿಗೆ ತಾನಾಗಿ ಜಮಾ ಆಗುವುದಿಲ್ಲ. ಕಾರ್ಡನ್ನು ಯಂತ್ರದಲ್ಲೇ ಬಿಟ್ಟು ಊಟಕ್ಕೆ ಹೋಗುವವರನ್ನು ಪ್ರತಿದಿನವೂ ನೋಡಿದೆ. ಹಡಗಿನವರು ಕೊಡುವ ಉಚಿತ ಆಟದ ಕೂಪನ್ನುಗಳ ಮೂಲ ಮೊತ್ತವನ್ನು ನಗದು ಮಾಡಲಾಗುವುದಿಲ್ಲ, ಅದರಿಂದ ಗೆದ್ದದ್ದನ್ನು ಮಾತ್ರ ಮಾಡಿಕೊಳ್ಳಬಹುದು. ಗೋವದ ಮಾಂಡೋವಿ ನದಿಯ ಕ್ಯಾಸಿನೊ ದೋಣಿಗಳಿಗೆ ಹೋದವರಿಗೆ, ಪ್ರವೇಶ ಶುಲ್ಕದ ಜೊತೆ ಸಿಗುವ ಒಂದೇ ಸಲ ಆಡಬಹುದಾದ ಚಿಪ್ಪುಗಳಿಂದಾಗಿ, ಈ ಪದ್ಧತಿಯ ಪರಿಚಯವಿರುತ್ತದೆ.

ಹಣ ಹೊರಬರುವುದಕ್ಕೆ ಇರುವುದು ಕ್ಯಾಷಿಯರ್ ಕೌಂಟರ್ ಎಂಬ ಒಂದೇ ಬಾಗಿಲು. ಮೇಜಿನಲ್ಲಿ ಚಿಪ್ಪನ್ನು ನಗದಿಗೆ ಬದಲಾಯಿಸುವುದಿಲ್ಲ. ಸಣ್ಣ ಚಿಪ್ಪುಗಳ ರಾಶಿಯನ್ನು ದೊಡ್ಡ ಮೊತ್ತದ ಕೆಲವೇ ಚಿಪ್ಪುಗಳಾಗಿ ಮಾಡಿಕೊಡುತ್ತಾರೆ, ಅಷ್ಟೆ. ಅದನ್ನು ಕೇಳಿ ಮಾಡಿಸಿಕೊಂಡರೆ ಕೌಂಟರಿನ ಕೆಲಸ ಬೇಗ ಮುಗಿಯುತ್ತದೆ. ಡೀಲರಿಗೆ ಭಕ್ಷೀಸು ಕೊಡುವ ಮನಸ್ಸಿದ್ದರೆ ಒಂದೆರಡು ಚಿಪ್ಪನ್ನೇ ಮೇಜಿನ ಮೇಲೆ ತಳ್ಳಿದರಾಯಿತು.

ಕೊನೆಯ ರಾತ್ರಿಯ ಬಗ್ಗೆ ಎಚ್ಚರ ಬೇಕು. ಹಡಗು ಸಿಂಗಾಪುರದತ್ತ ಮರಳುತ್ತಿರುವ ಆ ರಾತ್ರಿ ಕ್ಯಾಸಿನೊ ತುಂಬಿರುತ್ತದೆ, ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ, ಬೆಳಗ್ಗೆ ಇಳಿಯುವ ಹೊತ್ತಿಗೆ ಕೌಂಟರ್ ಮುಚ್ಚಿರುತ್ತದೆ. ನಮ್ಮಲ್ಲಿ ಕೇರಳ ಲಾಟರಿಯ ಟಿಕೆಟಿಗೆ ಬಹುಮಾನ ಬಂದರೆ 30 ದಿನಗಳ ಅವಕಾಶವಿದೆ. 5,000 ರೂಪಾಯಿಯವರೆಗಿನದನ್ನು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೇ ಕೊಡುತ್ತಾರೆ, ಹೆಚ್ಚಿನದಕ್ಕೆ ಬ್ಯಾಂಕೋ ಲಾಟರಿ ಕಚೇರಿಯೋ ಇದೆ. ಹಡಗಿನ ಚಿಪ್ಪಿಗೆ ಅಂತಹ ಕಾಲಾವಕಾಶವೂ ಇಲ್ಲ, ಬೇರೆ ಅಂಗಡಿಯೂ ಇಲ್ಲ. ದಡ ಸೇರಿದ ಮೇಲೆ ಆ ಚಿಪ್ಪನ್ನು ಸಿಂಗಾಪುರದ ಯಾವ ಕ್ಯಾಸಿನೊ ಆಗಲಿ, ಹಣ ವಿನಿಮಯದವನಾಗಲಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕೊನೆಯ ರಾತ್ರಿ ಊಟಕ್ಕೆ ಮೊದಲೇ ಚಿಪ್ಪು, ಚೀಟಿ, ಕಾರ್ಡಿನ ಕೈಚೀಲದ ಮೊತ್ತ ಮೂರನ್ನೂ ನಗದು ಮಾಡಿಸಿ, ಅಲ್ಲಿಂದ ನೇರವಾಗಿ ಅತಿಥಿ ಸೇವಾ ಕೌಂಟರಿಗೆ ಹೋಗಿ ಕೋಣೆಯ ಖಾತೆ ತೀರಿಸಿ, ಬಿಲ್ಲಿನ ಪ್ರತಿ ಕೇಳಿ ಪಡೆಯಿರಿ. ಕಾರ್ಡಿನಲ್ಲೇ ತೀರಿಸುವುದಾದರೆ, ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಕೊಡಲೇ ಎಂದು ಕೇಳಿದಾಗ ಬೇಡವೆಂದು ಹೇಳಿ ಡಾಲರಿನಲ್ಲೇ ಹಾಕಿಸಿ; ಆ ಪರಿವರ್ತನೆಯ ದರ ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ತುಟ್ಟಿಯಾಗಿರುತ್ತದೆ.

ದೊಡ್ಡ ಮೊತ್ತ ಗೆದ್ದ ಅದೃಷ್ಟವಂತರಿಗೆ ಪಾಸ್‌ಪೋರ್ಟ್ ಬೇಕಾಗುತ್ತದೆ, ಬರವಣಿಗೆಯ ಕೆಲಸವೂ ಇರುತ್ತದೆ. ಕೆಲವೊಮ್ಮೆ ನಗದಿನ ಬದಲು ಚೆಕ್ ಕೊಡಲು ಮುಂದಾಗುತ್ತಾರೆ. ವಿದೇಶಿ ಬ್ಯಾಂಕಿನ ಡಾಲರ್ ಚೆಕ್ಕನ್ನು ನಮ್ಮ ಊರಿನ ಶಾಖೆಯಲ್ಲಿ ಹಣ ಮಾಡಿಸುವುದು ವಾರಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ, ಬ್ಯಾಂಕ್ ಖಾತೆಗೆ ನೇರವಾಗಿ ಕಳಿಸಲು ಸಾಧ್ಯವೇ ಎಂದು ಕೇಳಿ ನೋಡಬಹುದು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಕೆರಿಬಿಯನ್ ಕಡೆಗೆ ಹಡಗು ಹತ್ತುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರು ತಿಳಿದಿರಬೇಕಾದದ್ದೇನೆಂದರೆ, ಆ ದೇಶದ ಕಾನೂನಿನಂತೆ ಅಲ್ಲಿನ ನಿವಾಸಿಗಳಲ್ಲದವರ ಸ್ಲಾಟ್ ಗೆಲುವಿನ ಮೇಲೆ ಶೇಕಡಾ 30 ತೆರಿಗೆಯಿದೆ; ಬ್ಲ್ಯಾಕ್‌ಜಾಕ್, ರೂಲೆಟ್, ಬಕರಾದಂತಹ ಮೇಜಿನ ಆಟಗಳ ಗೆಲುವಿಗೆ ಆ ತೆರಿಗೆ ಇಲ್ಲ.

ಮರಳುವಾಗ ಕೈಯಲ್ಲಿರುವ ವಿದೇಶಿ ನೋಟುಗಳು 5,000 ಅಮೆರಿಕನ್ ಡಾಲರಿನ ಮೌಲ್ಯ ಮೀರಿದ್ದರೆ ಕೊಚ್ಚಿಯ ಕಸ್ಟಮ್ಸ್‌ನಲ್ಲಿ ಘೋಷಣಾ ಪತ್ರ ತುಂಬಬೇಕು. ಸಿಂಗಾಪುರದಲ್ಲಿ ಒಳಬರುವಾಗಲಾಗಲಿ ಹೊರಹೋಗುವಾಗಲಾಗಲಿ 20,000 ಸಿಂಗಾಪುರ ಡಾಲರ್ ಮೀರಿದ ನಗದನ್ನು ಘೋಷಿಸಬೇಕು. ಉಳಿದ ನೋಟುಗಳಲ್ಲಿ 2,000 ಅಮೆರಿಕನ್ ಡಾಲರಿನಷ್ಟನ್ನು ಮುಂದಿನ ಪ್ರವಾಸಕ್ಕೆ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯಗಾರರಿಗೋ ಮಾರಬೇಕು. ನಾಣ್ಯಗಳನ್ನು ಕಾಸರಗೋಡಿನಲ್ಲಿ ಯಾರೂ ಕೊಳ್ಳುವುದಿಲ್ಲ, ಅವನ್ನು ಸಿಂಗಾಪುರದ ವಿಮಾನ ನಿಲ್ದಾಣದ ಚಹಾಕ್ಕೆ ಖರ್ಚು ಮಾಡಿ ಬರುವುದೇ ಲೇಸು.

ಗೆದ್ದದ್ದು ಸಮುದ್ರದ ಮೇಲೆ ಎಂಬ ಕಾರಣಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಇಲ್ಲ. ಭಾರತದ ನಿವಾಸಿಯ ಜಗತ್ತಿನ ಎಲ್ಲ ಕಡೆಯ ಆದಾಯಕ್ಕೂ ಇಲ್ಲಿ ತೆರಿಗೆಯಿದೆ. ಕ್ಯಾಸಿನೊ ಗೆಲುವಿಗೆ ಅದು ಶೇಕಡಾ 30, ಅದರ ಮೇಲೆ ಶೇಕಡಾ 4ರ ಸೆಸ್. ಮೊದಲ ರಾತ್ರಿ ಸೋತದ್ದನ್ನು ಎರಡನೆಯ ರಾತ್ರಿಯ ಗೆಲುವಿನಿಂದ ಕಳೆದು ತೋರಿಸುವ ಅವಕಾಶವಿಲ್ಲ, ಟಿಕೆಟಿನ ಖರ್ಚನ್ನೂ ಕಳೆಯುವಂತಿಲ್ಲ. ಸಂಬಳದಾರರು ಸಾಮಾನ್ಯವಾಗಿ ತುಂಬುವ ಸಹಜ್ ಎಂಬ ಆದಾಯ ತೆರಿಗೆ ನಮೂನೆಯಲ್ಲಿ ಈ ಬಗೆಯ ಆದಾಯಕ್ಕೆ ಜಾಗವಿಲ್ಲದಿರುವುದರಿಂದ, ಹಡಗಿನ ಕೌಂಟರಿನಲ್ಲಿ ಪಡೆದ ಚೀಟಿ ಮತ್ತು ಕೊನೆಯ ಬಿಲ್ಲಿನ ಪ್ರತಿಯನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಿ, ಯಾವ ನಮೂನೆ ತುಂಬಬೇಕೆಂದು ಕೇಳಿಕೊಳ್ಳಿ.